ಹನ್ನೊಂದನೇ ಪುಟದ ಕ್ಲಿಪ್

ಕಳೆದ ಶನಿವಾರ ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜ್ ಗುಡಿಸುವಾಗ ಹಳೆಯ ಪೆಟ್ಟಿಗೆಯಿಂದ ಹಾಳೆಗಳ ಕಟ್ಟೊಂದು ಜಾರಿ ಬಿತ್ತು. ಅದರ ಅಂಚಿನಲ್ಲಿ ಬಟ್ಟೆ ಒಣಹಾಕುವ ಹಳದಿ ಕ್ಲಿಪ್. ಆಂಟಿ!

ಆಂಟಿ ಎಂದರೆ ನಾನು ಅಡಿಲೇಡ್‌ನಲ್ಲಿ ಓದುವಾಗ, ಬೆಡ್‌ಫರ್ಡ್ ಪಾರ್ಕ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಪ್ರೋಗ್ರಾಮ್ ಬರೆದು, ಮಗಳ ಓದಿಗೆಂದು ಬಂದವರು. ಕೋರ್ಸಿನ ಪ್ರಾಜೆಕ್ಟಿಗೆ ನಾನು ಪುಟ್ಟದೊಂದು ಸ್ಕ್ರಿಪ್ಟಿಂಗ್ ಭಾಷೆ ಕಟ್ಟಬೇಕಿತ್ತು, ಅದರಲ್ಲಿ ಕೊರೂಟೀನ್ ಇರಬೇಕಿತ್ತು. ಅಂದರೆ ಅರ್ಧಕ್ಕೆ ನಿಂತು ಇನ್ನೊಂದು ಕೆಲಸಕ್ಕೆ ದಾರಿ ಬಿಟ್ಟು, ಮತ್ತೆ ಕರೆದಾಗ ನಿಂತಲ್ಲಿಂದಲೇ ಮುಂದುವರಿಯುವ ಫಂಕ್ಷನ್. ನನ್ನದು ನಿಲ್ಲುವುದೇನೋ ನಿಲ್ಲುತ್ತಿತ್ತು, ಎದ್ದ ಮೇಲೆ ಎಲ್ಲ ಮರೆತು ಏನೇನೋ ಬಡಬಡಿಸುತ್ತಿತ್ತು. ಸರಿಹೋಗದಿದ್ದರೆ ನಾನು ಫೇಲು.

ಆಂಟಿ ಕೋಡನ್ನು ಕಾಗದದ ಮೇಲೆಯೇ ಓದುತ್ತಿದ್ದರು. ಅವರಿಗೊಂದು ಪ್ರತಿ, ನನಗೊಂದು. ನಿಲ್ಲಿಸಿದ ಪುಟಕ್ಕೆ ಇಬ್ಬರೂ ಕ್ಲಿಪ್ ಹಾಕಬೇಕು, ಮರೆತರೆ ಬೈಗುಳ. ಒಂದು ದಿನ ಹುಳಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದವರು ಒಲೆ ಆರಿಸಿ ಫೋನಿಗೆ ಹೋದರು. ಬಂದು, ತಟ್ಟೆಯಲ್ಲಿ ಎತ್ತಿಟ್ಟಿದ್ದ, ಇನ್ನೂ ಹುರಿಯದ ಕಾಯಿಗಳನ್ನು ನೋಡಿ ಬಾಣಲೆಗೆ ಸುರಿದು ನಿಲ್ಲಿಸಿದಲ್ಲಿಂದ ಮುಂದುವರಿಸಿದರು.

"ನೋಡಿದ್ಯೇನೋ ಪೆದ್ದಾ? ಎಲ್ಲಿ ನಿಲ್ಸಿದ್ದೆ ಅನ್ನೋದಷ್ಟೇ ಸಾಲ್ದು ಕಣೋ. ಕೈಯಲ್ಲಿ ಏನಿತ್ತು ಅನ್ನೋದನ್ನೂ ಎತ್ತಿಟ್ಕೋಬೇಕು."

ನಾನು ಬೆಚ್ಚಿಬಿದ್ದೆ. ಸಾಲಿನ ಸಂಖ್ಯೆ ಮಾತ್ರ ಉಳಿಸಿ, ಅಲ್ಲಿಯವರೆಗಿನ ಲೆಕ್ಕ ಹಿಡಿದಿದ್ದ ಫಂಕ್ಷನ್ನಿನ ವೇರಿಯಬಲ್‌ಗಳನ್ನೆಲ್ಲ ಚೆಲ್ಲಿಬಿಟ್ಟಿದ್ದೆ! ಮೂರು ವಾರದಿಂದ ಕಾಣದ ತಪ್ಪು ಮೆಣಸಿನಕಾಯಿ ತಟ್ಟೆಯಲ್ಲಿ ಕಾಣಬೇಕೇ?

ಪಾಸಾದೆ. ಆದರೆ ಹನ್ನೊಂದನೇ ಪುಟದಲ್ಲಿ ಒಂದು ತೊಡಕು ಉಳಿಯಿತು. ಒಂದು ಕೊರೂಟೀನ್ ಇನ್ನೊಂದನ್ನು ಕರೆದರೆ ಎರಡೂ ಮಗುಚಿ ಬೀಳುತ್ತಿದ್ದವು. ನಾನು ಪರ್ತ್‌ಗೆ ಹೊರಡುವ ದಿನ ಆಂಟಿ, "ಮುಗಿಸ್ಕೊಂಡು ಬಂದು ತೋರ್ಸು, ಕ್ಲಿಪ್ ತೆಗೆಯಲ್ಲ ನಾನು," ಎಂದರು. ಪರ್ತ್‌ನಲ್ಲಿ ಕೆಲಸ... ಮದುವೆ, ಮನೆ... ಒಂಬತ್ತು ವರ್ಷ ಒಂದು ಫೋನ್ ಕೂಡ ಮಾಡಲಿಲ್ಲ ನಾನು.

ಗ್ಯಾರೇಜಿನಿಂದಲೇ ಅವರ ಹಳೇ ನಂಬರಿಗೆ ಮಾಡಿದೆ. ಎತ್ತಿದ್ದು ಮಗಳು. ಈಗ ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ನಲ್ಲಿದ್ದಾಳೆ. ಅಮ್ಮನ ನಂಬರ್ ಬಿಡಲು ಮನಸ್ಸಾಗಿಲ್ಲವಂತೆ.

"ಅಮ್ಮ ಹೋಗ್ಬಿಟ್ರು... ಎರಡು ವರ್ಷ ಆಯ್ತು. ನಿಮ್ಗೆ ಗೊತ್ತಿರ್ಲಿಲ್ವಾ? ನಿಮ್ ಪೇಪರ್ಸ್ ಇನ್ನೂ ಇಲ್ಲೇ ಇದೆ. ಮೂವ್ ಆಗುವಾಗ್ಲೂ ಅಮ್ಮ ಬಿಸಾಕೋಕೆ ಬಿಡ್ಲಿಲ್ಲ. ಅವ್ನು ಬರ್ತಾನೆ ಅಂತಿದ್ರು. ಆ ಯೆಲ್ಲೋ ಕ್ಲಿಪ್ ಕೂಡ ಹಾಗೇ ಇದೆ, ಪೇಜ್ ಇಲೆವೆನ್‌ಗೆ."

ಸಿಮೆಂಟಿನ ನೆಲದ ಮೇಲೆ ಕೂತು ನನ್ನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡೆ. ಆ ತೊಡಕನ್ನು ಪರ್ತ್‌ಗೆ ಬಂದ ಮೊದಲ ತಿಂಗಳೇ ಬಿಡಿಸಿದ್ದೆ. ಆಗಲೇ ಆಂಟಿಗೆ ಫೋನ್ ಮಾಡಿ ಹೇಳಿದ್ದರೆ ಹತ್ತು ನಿಮಿಷದ ಮಾತು. ನನ್ನ ಕಟ್ಟಿನಲ್ಲೂ ಕ್ಲಿಪ್ ಹನ್ನೊಂದನೇ ಪುಟಕ್ಕೇ ಇದೆ, ಅದನ್ನು ತೆಗೆಯಲು ಇನ್ನೂ ಕೈ ಬಂದಿಲ್ಲ.