ಯಾರದೋ ಬ್ಲಾಗಿನಲ್ಲಿ ನಾನು

"ಕಡುನೀಲಿ ಚೀಲ, ಬಣ್ಣ ಹಚ್ಚಿದ ಮೀಸೆ, ಕೈಯಲ್ಲಿ ಸ್ಟೀಲ್ ಕಡಗ. ಇವತ್ತೂ ನನ್ನ ಹಿಂದಿನ ಸೀಟಿನಲ್ಲೇ ಕುಳಿತಿದ್ದ."

ಈ ಸಾಲು ಓದುವಾಗ ನಾನು ಚಿಕ್ಕೋಡಿಯ ನಮ್ಮ ಆಫೀಸಿನ ಕಂಪ್ಯೂಟರ್ ಮುಂದೆ ರೊಟ್ಟಿ ತಿನ್ನುತ್ತಿದ್ದೆ. ನೀಲಿ ಚೀಲ ನನ್ನ ಕುರ್ಚಿಗೇ ತೂಗುಬಿದ್ದಿತ್ತು. ಕಡಗ ನನ್ನ ಕೈಯಲ್ಲೇ ಇತ್ತು.

ಡಬ್ಬಿ ಮುಚ್ಚಿಟ್ಟೆ...

ಸ್ಮಾರ್ಟ್‌ಫೋನ್ ಇನ್ನೂ ಎಲ್ಲರ ಕೈಗೆ ಬಂದಿರದ ದಿನಗಳು ಅವು. ನಾನು ಕ್ಲರ್ಕ್. ರಾಯಬಾಗದಿಂದ ಚಿಕ್ಕೋಡಿಗೆ ದಿನಾ ಬಸ್ಸು.

ಬ್ಲಾಗ್ ಅಂದರೇನು ಎಂದು ನನಗೆ ಗೊತ್ತಾದದ್ದೇ ಆ ಬಸ್ಸಿನಲ್ಲಿ. ಮುಂದಿನ ಸೀಟಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಕನ್ನಡದಲ್ಲಿ ಏನೋ ಉದ್ದಕ್ಕೆ ಓದುತ್ತಿದ್ದಳು. ಪೇಪರೂ ಅಲ್ಲ, ಮೆಸೇಜೂ ಅಲ್ಲ. ಬಗ್ಗಿ ನೋಡಿದೆ. ಯಾರೋ ನರ್ಸ್ ತನ್ನ ಡ್ಯೂಟಿಯ ಬಗ್ಗೆ ಬರೆದದ್ದು. ಅರ್ಧ ಓದುವಷ್ಟರಲ್ಲಿ ಸ್ಟ್ಯಾಂಡ್ ಬಂತು.

ಮೇಲಿದ್ದ ಹೆಸರು ನೆನಪಿಟ್ಟುಕೊಂಡು ಆಫೀಸಿನಲ್ಲಿ ಹುಡುಕಿದೆ. ಸಿಕ್ಕಿತು. ಅದರ ಪಕ್ಕದಲ್ಲಿ ಇನ್ನಷ್ಟು ಬ್ಲಾಗುಗಳ ಪಟ್ಟಿ! ಒಬ್ಬ ಲಾರಿ ಡ್ರೈವರ್ ತಾನು ಉಂಡ ಢಾಬಾಗಳ ಬಗ್ಗೆ ಬರೆಯುತ್ತಿದ್ದ. ಒಬ್ಬ ರಿಟೈರ್ಡ್ ಮಾಸ್ತರು ಹೆಂಡತಿಯ ಜೊತೆ ಆಡಿದ ಜಗಳಗಳನ್ನು ಮಾತ್ರ ಬರೆಯುತ್ತಿದ್ದರು.

ಯಾರೂ ತಿದ್ದುವವರಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಮನಸ್ಸಿಗೆ ಬಂದದ್ದನ್ನು ಮನಸ್ಸಿಗೆ ಬಂದಂತೆ ಬರೆದಿದ್ದರು. ನನಗೆ ಹುಚ್ಚೇ ಹಿಡಿಯಿತು.

ಆಮೇಲೆ ದಿನಾ ಆ ಹುಡುಗಿಯ ಹಿಂದೆಯೇ ಕೂರತೊಡಗಿದೆ. ಆಕೆ ಏನು ಓದುತ್ತಾಳೆ ಎಂದು ಇಣುಕಿದರೆ ನನಗೊಂದು ಹೊಸ ಬ್ಲಾಗ್ ಸಿಗುತ್ತಿತ್ತು. ಅಷ್ಟೇ. ನಿಜಕ್ಕೂ ಅಷ್ಟೇ.

ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತ, ಬರೆದವರ ಹೆಸರೇ ಇಲ್ಲದ ಈ ಬ್ಲಾಗಿಗೆ ಬಂದು ಮುಟ್ಟಿದ್ದೆ. ಬರೆಯುತ್ತಿದ್ದವಳು ಅದೇ ಹುಡುಗಿ ಎಂದು ಆ ಕಡಗದ ಸಾಲಿನಲ್ಲೇ ತಿಳಿಯಿತು.

ಉಳಿದದ್ದನ್ನು ಓದಿದೆ.

"ಸೀಟು ಬದಲಿಸಿದೆ, ಅವನೂ ಬದಲಿಸಿದ. ಎಂಟೂಕಾಲರ ಬಸ್ಸಿಗೆ ಹೋದೆ, ಅಲ್ಲಿಗೂ ಬಂದ. ಇಳಿದ ಮೇಲೂ ಹಿಂದೆಯೇ ಬರುತ್ತಾನೆ. ಮನೆಯಲ್ಲಿ ಹೇಳುವಂತಿಲ್ಲ. ಹೇಳಿದರೆ ನಾಳೆಯಿಂದ ಕೆಲಸ ಬಿಡು ಅಂತಾರೆ. ಪರ್ಸಿನಲ್ಲಿ ಖಾರದ ಪುಡಿ ಇಟ್ಟುಕೊಂಡಿದ್ದೇನೆ."

ನಾನು ಎಂಟೂಕಾಲರ ಬಸ್ಸಿಗೆ ಹೋಗಿದ್ದು ನಮ್ಮಲ್ಲಿ ಆಡಿಟ್ ಇದ್ದುದರಿಂದ. ಇಳಿದ ಮೇಲೆ ನಮ್ಮ ಆಫೀಸಿಗೆ ಹೋಗುವ ದಾರಿಯೂ ಅದೇ. ಆದರೆ ಸೀಟು? ಸೀಟು ಬದಲಿಸಿದ್ದು ನಿಜ. ಹಿಂದಿನ ದಿನ ಆಕೆಯ ಮೊಬೈಲಿನಲ್ಲಿ ಇಣುಕಿ ಓದುತ್ತಿದ್ದ ಬರಹ ಅರ್ಧಕ್ಕೆ ನಿಂತಿತ್ತಲ್ಲ...

ಕೆಳಗೆ ಕಾಮೆಂಟುಗಳಿದ್ದವು. "ಬಸ್ಸಿನಲ್ಲೇ ನಾಲ್ಕು ಬಾರಿಸಿ." "ಅವನ ಫೋಟೊ ತೆಗೆದು ಇಲ್ಲಿ ಹಾಕಿ, ಎಲ್ಲ ಕಡೆ ಹಂಚುತ್ತೇವೆ."

ಆ ಪುಟ ಪ್ರಿಂಟ್ ತೆಗೆದು ಜೇಬಿಗಿಟ್ಟೆ, ಕಂಪ್ಯೂಟರಿನಲ್ಲಿ ಓದಿದ್ದರ ಗುರುತೆಲ್ಲ ಅಳಿಸಿದೆ. ಸಂಜೆ ಬಸ್ಸಿನಲ್ಲಿ ಯಾರು ಮೊಬೈಲ್ ಎತ್ತಿದರೂ ನನ್ನ ಫೋಟೊ ತೆಗೆಯುತ್ತಿದ್ದಾರೆ ಅನಿಸುತ್ತಿತ್ತು. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ಬಸ್ಸು ನಿಂತಾಗ, ಯಾರೋ ನನಗಾಗಿಯೇ ನಿಲ್ಲಿಸಿದರು ಎಂದುಕೊಂಡೆ. ಕಡಗ ತೆಗೆದು ಚೀಲದೊಳಗೆ ಹಾಕಿಕೊಂಡೆ. ಮರುಕ್ಷಣ ನನಗೇ ಹೇಸಿಗೆಯಾಯಿತು.

ಮರುದಿನ ಜ್ವರ ಅಂತ ರಜೆ ಹಾಕಿದೆ. ಹೆಂಡತಿ ಸುರೇಖಾ ಹಣೆ ಮುಟ್ಟಿ ನೋಡಿದಳು.

"ಮೈ ತಣ್ಣಗೈತಲ್ರಿ. ಏನಾಗೈತಿ ಖರೇ ಹೇಳ್ರಿ."

ಪ್ರಿಂಟ್ ಕೊಟ್ಟೆ. ಎರಡು ಸಲ ಓದಿದಳು.

"ನೀವು ನೋಡಾಕತ್ತಿದ್ರಿಲ್ಲೋ?"

"ಫೋನ್ ನೋಡಾಕತ್ತಿದ್ದೆ. ಆಕೀನ್ನಲ್ಲ."

"ಅದು ಆಕೀಗೆ ಹೆಂಗ್ ಗೊತ್ತಾಗ್ಬೇಕ್ರಿ?"

ನಾಳೆ ಹೋಗಿ ಸಾರಿ ಕೇಳುತ್ತೇನೆ, ಎಲ್ಲ ತಿಳಿಸಿ ಹೇಳುತ್ತೇನೆ ಅಂದೆ. ಸುರೇಖಾಳ ಮುಖ ಬಿಗಿಯಾಯಿತು.

"ಹತ್ರ ಹೋದ್ರಂದ್ರ ಅಂಜಿ ಸಾಯ್ತಾಳ ಆ ಹುಡುಗಿ. ಬ್ಯಾಡ. ಆ ಬಸ್ಸ ಬಿಟ್ಟಬಿಡ್ರಿ."

ಕಾಗದ ಮಡಚುತ್ತ ಅಂದಳು.

"ನಾ ಐಗಳಿಯಿಂದ ಅಥಣಿಗೆ ಬಸ್ಸಿನ್ಯಾಗ ಕಾಲೇಜಿಗೆ ಹೋಗ್ತಿದ್ದೆ. ಎರಡನೇ ವರ್ಷಕ್ಕ ಬಿಟ್ಟೆ. ಯಾಕ ಬಿಟ್ಟೆ ಅಂತ ಎಂದಾದ್ರೂ ಕೇಳೀರೇನು?"

ಮದುವೆ ಗೊತ್ತಾಗಿದ್ದಕ್ಕೆ ಬಿಟ್ಟಳು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಆಕೆ ಒಳಗೆ ಹೋದಳು.

ಮರುದಿನದಿಂದ ಏಳು ಗಂಟೆಯ ಬಸ್ಸು ಹಿಡಿದೆ. ಆಫೀಸ್ ತೆರೆಯುವ ತನಕ ಚಹಾದಂಗಡಿಯಲ್ಲಿ ಕೂರುತ್ತಿದ್ದೆ.

ಊಟದ ಹೊತ್ತಿಗೆ ಆ ಬ್ಲಾಗ್ ತೆರೆದು ನೋಡುತ್ತಿದ್ದೆ. ಹೊಸದೇನೂ ಇಲ್ಲ. ಒಂದು ವಾರ... ಎರಡು ವಾರ... ಈಗ ಬೇರೆಯೇ ಭಯ ಶುರುವಾಯಿತು. ಕೆಲಸ ಬಿಡಿಸಿಬಿಟ್ಟರಾ? ಮನೆಯಲ್ಲಿ ಕೂರಿಸಿದರಾ? ಯಾರನ್ನು ಕೇಳಲಿ? ಏನಂತ ಕೇಳಲಿ?

ಮೂರನೇ ವಾರ ಒಂದು ಬರಹ ಬಂತು. ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದು ತಿಳಿದು ಉಸಿರು ಬಿಟ್ಟೆ. ಕೊನೆಯ ಸಾಲುಗಳು ಹೀಗಿದ್ದವು:

"ಆ ಮನುಷ್ಯ ಈಗ ಕಾಣುವುದಿಲ್ಲ. ಮೊದಲು ಎಲ್ಲಿದ್ದಾನೆ ಅಂತಾದರೂ ಗೊತ್ತಿತ್ತು. ಈಗ ಅದೂ ಗೊತ್ತಿಲ್ಲ. ಬಸ್ಸು ಹತ್ತಿದ ಕೂಡಲೇ ಎಲ್ಲ ಸೀಟು ನೋಡುತ್ತೇನೆ."

ಕಾಮೆಂಟಿನಲ್ಲಿ ಟೈಪ್ ಮಾಡಿದೆ: "ಅವನು ಇನ್ನು ಬರುವುದಿಲ್ಲ, ಹೆದರಬೇಡಿ." ಕಳಿಸುವ ಮೊದಲು ಆಕೆಯ ಜಾಗದಲ್ಲಿ ನಿಂತು ಒಮ್ಮೆ ಓದಿದೆ. ಅವನು ಇದನ್ನೂ ಓದುತ್ತಿದ್ದಾನೆ ಎಂದಾಯಿತಲ್ಲ! ಅಳಿಸಿದೆ.

ಮತ್ತೆ ಆ ಬ್ಲಾಗ್ ತೆರೆಯಲಿಲ್ಲ.

ಯಾರಿಗೆ ಅಂಜುತ್ತೇವೆ ಎಂಬುದು ನಮಗೆಲ್ಲ ಗೊತ್ತಿರುತ್ತದೆ... ನಮಗೆ ಅಂಜಿ ಬದುಕುತ್ತಿರುವವರು ಯಾರು ಎಂದು ನೀವು ಯಾವತ್ತಾದರೂ ಯೋಚಿಸಿದ್ದೀರಾ?