ನಡುವೆ ನಿಂತವನು

ಅಮೆರಿಕದ ಯೂನಿಯನ್ ಸಿಟಿಯ ಶಾಲೆಯೊಂದರ ಸಭಾಂಗಣದಲ್ಲಿ ನಮ್ಮ ಕನ್ನಡ ಕೂಟದ ಗಣೇಶೋತ್ಸವ. ಮಗಳು ಈ ಸಲ ಹಳೆಯದೊಂದು ಪಾಪ್ ವಿಡಿಯೊದ ಕುಣಿತ ಆರಿಸಿಕೊಂಡಿದ್ದಳು. ಕಪ್ಪು ಗಾಯಕರನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತಿದ್ದ ಇಲ್ಲಿನ ಟೀವಿಯವರು ಬೇರೆ ದಾರಿಯಿಲ್ಲದೆ ತೋರಿಸಿದ, ಕಪ್ಪು ಗಾಯಕನೊಬ್ಬನ ವಿಡಿಯೊ ಅದು. ಅವಳ ಜಡೆ ಬಿಗಿದು ನಾನು ಪೌಡರಿನ ಡಬ್ಬಿ ತೆರೆದೆ. ಅವಳು ನನ್ನ ಕೈ ಹಿಡಿದಳು.

"ವೈ, ಅಮ್ಮಾ? ಅವರ ಸಾಂಗಿಗೆ ನಾನ್ಯಾಕೆ ವೈಟ್ ಆಗ್ಬೇಕು?"

ನಾಚಿಕೆಯಾಯಿತು. ಡಬ್ಬಿ ಮುಚ್ಚಿ, ಅವಳ ಸೋದರಮಾವನ ಕಥೆ ಹೇಳಿದೆ.

ಮಗಳದು ನನ್ನ ಅಣ್ಣನ ಬಣ್ಣ. ಹುಬ್ಬಳ್ಳಿಯ ನಮ್ಮ ಓಣಿಯ ಗಣಪತಿ ಮುಂದೆ ನಾಟಕವಾದರೆ ಅಣ್ಣನೇ ರಾಕ್ಷಸ, ಗುಂಪು ಕುಣಿತವಾದರೆ ಅವನು ಹಿಂದಿನ ಸಾಲು. ಕಪ್ಪಾದರೂ ಕಸ್ತೂರಿ ಎಂದು ಅವ್ವ ಸಮಾಧಾನ ಹೇಳುತ್ತಿದ್ದಳು. ಕಸ್ತೂರಿಯನ್ನು ಎಲ್ಲರೂ ಡಬ್ಬಿಯೊಳಗೇ ಇಡುತ್ತಾರೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ದುಬೈಯಿಂದ ಬಂದಿದ್ದ ಪಕ್ಕದ ಮನೆಯವರ ಕ್ಯಾಸೆಟ್ಟಿನಲ್ಲಿ ಅಣ್ಣ ಆ ವಿಡಿಯೊ ನೋಡಿದ. ಅಂದು ಅವನಿಗೆ ಊಟ ಸೇರಲಿಲ್ಲ.

"ನೋಡಿದೇನವಾ ತಂಗಿ? ಅಂವಾ ನನ್ನಂಗ ಅದಾನ. ನಟ್ಟ ನಡುವ ನಿಂತಾನ!"

ಹಿತ್ತಲಿನ ಕಲ್ಲುಹಾಸಿನ ಮೇಲೆ ಹೆಜ್ಜೆ ಜಾರಿಸಿ ಜಾರಿಸಿ ಇದ್ದ ಎರಡು ಜೊತೆ ಕಾಲುಚೀಲ ಹರಿದುಕೊಂಡ. ಓಣಿಯ ಹಿರಿಯರ ಬೆನ್ನು ಬಿದ್ದು ಕಾಡಿ ಬೇಡಿ, ಗಣಪತಿ ಮುಂದೆ ಒಬ್ಬನೇ ಕುಣಿಯಲು ಐದು ನಿಮಿಷ ಪಡೆದ. ಆ ಸಂಜೆ ನಾನೇ, ಹತ್ತು ವರ್ಷದ ಜಾಣೆ, ಅವ್ವನ ಪೌಡರ್ ತಂದೆ. "ಹಚ್ಕೋ ಅಣ್ಣಾ, ಯಾರೂ ನಗೂದಿಲ್ಲ" ಎಂದೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಮುಖ ಒಡ್ಡಿದ.

ಹಾಡು ಶುರುವಾಯಿತು. ಬೆವರಿಗೆ ಪೌಡರು ಕರಗಿ ಅವನ ಕೆನ್ನೆಯ ಮೇಲೆ ಪಟ್ಟೆಪಟ್ಟೆಯಾಗಿ ಇಳಿಯತೊಡಗಿತು. ಅಲ್ಲಿಂದ ಮುಂದೆ ನಾನು ಅವನ ಕಡೆ ತಿರುಗಲಿಲ್ಲ. ಯಾರು ನಗುತ್ತಾರೋ ಎಂದು ಜನರ ಮುಖಗಳನ್ನೇ ನೋಡುತ್ತ ಕೂತೆ. ಯಾರೂ ನಗಲಿಲ್ಲ. ಸಿಳ್ಳೆ, ಚಪ್ಪಾಳೆ, ಮುದುಕರೂ ಎದ್ದು ನಿಂತರು.

ಅಣ್ಣ ಏದುಸಿರು ಬಿಡುತ್ತ ನೇರ ನನ್ನ ಬಳಿ ಬಂದ. "ಹೆಂಗ ಕುಣದೆ?"

"ಭಾಳ ಛಂದ ಕುಣದಿ" ಎಂದೆ.

ಮರುವರ್ಷ ಅವನಿಗೆ ಕೆಲಸ ಸಿಕ್ಕಿತು, ಮತ್ತೆ ಕುಣಿಯಲಿಲ್ಲ. ಆದರೆ ನಾನು ಇಲ್ಲಿಂದ ಫೋನ್ ಮಾಡಿದಾಗಲೆಲ್ಲ ಆ ಸಂಜೆಯ ಮಾತು ತೆಗೆಯುತ್ತಿದ್ದ. "ನೀ ಕಣ್ಣಾರೆ ನೋಡೀಯಲ್ಲ, ಅಷ್ಟ ಸಾಕು" ಎನ್ನುತ್ತಿದ್ದ. ಅವನು ತೀರಿಕೊಂಡು ಮೂರು ವರ್ಷವಾಯಿತು. ಆ ಗಾಯಕನ ವಿಡಿಯೊ ಬೇಕೆಂದಾಗ ಫೋನಿನಲ್ಲಿ ಸಿಗುತ್ತದೆ. ನನ್ನ ಅಣ್ಣನ ಐದು ನಿಮಿಷ ಎಲ್ಲೂ ಇಲ್ಲ.

ಹೊರಗೆ ಮಗಳ ಹೆಸರು ಕೂಗಿದರು. ಅವಳು ಬಾಗಿಲಲ್ಲಿ ನಿಂತು ಕೇಳಿದಳು:

"ಮಾಮ ನಿಜವಾಗ್ಲೂ ಚೆನ್ನಾಗಿ ಮಾಡಿದ್ರಾ?"

ಅಣ್ಣನಿಗೆ ಕೊನೆಯವರೆಗೂ ಹೇಳಲಾಗದ್ದು ಆಗ ಬಾಯಿಗೆ ಬಂತು.

"ನಾ ನೋಡ್ಲೇ ಇಲ್ಲ, ಪುಟ್ಟಾ."