ಹರಿಗೋಲು ನಡುಹೊಳೆಯಲ್ಲಿ ಸುತ್ತಿದ ದಿನ

ಇವತ್ತು ತಿ. ನರಸೀಪುರದ ಕಚೇರಿಯೊಂದರಲ್ಲಿ ಕಂಪ್ಯೂಟರಿಗೆ ಕುಂಕುಮ ಹಚ್ಚಿದ್ದು ಕಂಡು ಮೈ ಉರಿಯಿತು.

ನಮ್ಮ ಶಾಲೆಯ ಮೊದಲ ಕಂಪ್ಯೂಟರಿಗೂ ಹೀಗೇ ಕುಂಕುಮ. ಊರಿನ ಮಕ್ಕಳೆಲ್ಲ ಮೌಸ್ ಹಿಡಿದು ಪರದೆಯ ಮೇಲೆ ಬಾಣ ಓಡಿಸಿದರು. ಕೇರಿಯವಳಾದ ನಾನು ಕೈ ಚಾಚಿದಾಗ ಮೇಷ್ಟ್ರ ಸ್ಕೇಲು ಬಿತ್ತು.

"ಹರಿಗೋಲಿಗೆ ಹುಟ್ಟು ಹಾಕೋ ಕೈ ಕಣೇ ಅದು. ಇದ್ನ ಮುಟ್ಬೇಡ."

ಅದೇ ಮೇಷ್ಟ್ರನ್ನು ದಿನವೂ ಹರಿಗೋಲಿನಲ್ಲಿ ಕಾವೇರಿ ದಾಟಿಸುತ್ತಿದ್ದವಳು ನನ್ನವ್ವ. ಮರುದಿನ ನಡುಹೊಳೆಯಲ್ಲಿ ಅವಳು ಹುಟ್ಟನ್ನು ಅವರ ಮಡಿಲಿಗೆ ಹಾಕಿದಳು. ನಾನೂ ಜೊತೆಗಿದ್ದೆ.

"ಓದ್ದೋರು ನೀವು, ನಡ್ಸಿ ಸಾ."

ಹರಿಗೋಲು ಗಿರಗಿರನೆ ಸುತ್ತಿತು.

"ಹಿಡ್ಕೊಳವ್ವ, ಮುಳುಗ್ತೀವಿ!"

"ನನ್ ಮಗ್ಳು ಮೌಸ್ ಮುಟ್ಬೋದಾ?"

"ಮುಟ್ಲಿ ಕಣವ್ವ, ಮುಟ್ಲಿ!"

ಆಗಷ್ಟೇ ಅವ್ವ ಹುಟ್ಟು ಎತ್ತಿಕೊಂಡಳು.

ಈಗಲೂ ಹಕ್ಕು ಕೇಳಹೋದರೆ ನನಗೆ 'ನಯವಾಗಿ ಕೇಳಮ್ಮ' ಎಂದು ಬುದ್ಧಿ ಹೇಳುವವರಿದ್ದಾರೆ. ಅವ್ವ ನಯವಾಗಿ ಕೇಳಿದ್ದರೆ ಆ ಮೌಸ್ ನನ್ನ ಕೈಗೆ ಬರುತ್ತಿತ್ತೇನ್ರೀ?